ಒಂಟೆಗೊಂದು ಕ್ರಿಯಾಪದ

ಎರಡನೇ ತರಗತಿಯ ಮಗಳು ಒಂದು ಹಾಳೆ ಹಿಡಿದುಕೊಂಡು ಬಂದು ನನ್ನ ಮುಂದೆ ಕುಳಿತಳು. ಎಡಗಡೆ ಪ್ರಾಣಿಗಳ ಚಿತ್ರ, ಬಲಗಡೆ ಗೆರೆ. ಯಾವ ಪ್ರಾಣಿ ಹೇಗೆ ಸದ್ದು ಮಾಡುತ್ತದೆ ಎಂದು ಬರೆಯಬೇಕು. ನಾಯಿ ಬೊಗಳುತ್ತದೆ, ಕುದುರೆ ಕೆನೆಯುತ್ತದೆ, ಆನೆ ಘೀಳಿಡುತ್ತದೆ, ನರಿ ಊಳಿಡುತ್ತದೆ, ಕಪ್ಪೆ ವಟಗುಟ್ಟುತ್ತದೆ. ಗೂಳಿ ಗುಟುರು ಹಾಕುತ್ತದೆ ಎಂದು ಹೇಳಿಕೊಟ್ಟಾಗ ಅವಳಿಗೆ ಆ ಮಾತೇ ಹಿಡಿಸಿ, ಅರ್ಧ ಗಂಟೆ ಮನೆ ತುಂಬ ಗುಟುರು ಹಾಕಿಕೊಂಡು ಓಡಾಡಿದಳು. ವಾಪಸು ಬಂದು ಕುಳಿತಾಗ ಉಳಿದಿದ್ದದ್ದು ಒಂದೇ ಚಿತ್ರ, ಒಂಟೆ. ಎದುರಿನ ಗೆರೆ ಖಾಲಿ. "ಅಪ್ಪಾ, ಒಂಟೆ ಏನು ಮಾಡುತ್ತದೆ?"

ನಾನು ಎರಡು ಚಳಿಗಾಲ ಬಿಕಾನೇರ್ ಜಿಲ್ಲೆಯ ಕೋಲಾಯತ್ ಸೀಮೆಯಲ್ಲಿ ಕಳೆದು ಬಂದವನು. ಪಾವಗಡದ ತಿರುಮಣಿಯಲ್ಲಿ ಸೌರ ಫಲಕಗಳ ಕೆಲಸ ಕಲಿತು, ಅದೇ ಕೆಲಸದ ಮೇಲೆ ಮರುಭೂಮಿಗೆ ಹೋದವನು. ಅಲ್ಲಿ ನನಗೆ ಬೆಳಗಾಗುತ್ತಿದ್ದದ್ದೇ ಒಂಟೆಯ ಸದ್ದಿಗೆ. ಅದು ಈಗಲೂ ಕಿವಿಯಲ್ಲಿದೆ; ಬೇಕಾದರೆ ಗಂಟಲಲ್ಲಿ ಮಾಡಿ ತೋರಿಸಬಲ್ಲೆ, ತೋರಿಸಿಯೂ ತೋರಿಸಿದೆ. ಆದರೆ ಗೆರೆಯ ಮೇಲೆ ಬರೆಯಲು ಒಂದು ಪದ ಬರಲಿಲ್ಲ. "ಒಂಟೆ ಕೂಗುತ್ತದೆ" ಎಂದು ಬರೆಸಿ ಕೈ ತೊಳೆದುಕೊಳ್ಳಬಹುದಿತ್ತು. ಕೋಳಿ ಕೂಗುತ್ತದೆ, ಕುಕ್ಕರ್ ಕೂಗುತ್ತದೆ, ಮೇಲಿನ ಮನೆಯವರೂ ಆಗಾಗ ಕೂಗುತ್ತಾರೆ. ಒಂಟೆ ಮಾಡುವುದು ಅದಲ್ಲ.

ನಮ್ಮ ಕಡೆ ಒಂಟೆ ನೋಡುವ ಪ್ರಾಣಿಯೇ ಹೊರತು ಕೇಳುವ ಪ್ರಾಣಿಯಲ್ಲ. ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಆನೆ ಕುದುರೆಗಳ ಜೊತೆ ಒಂಟೆಗಳೂ ಇವೆ, ಶತಮಾನಗಳಿಂದ ತುಟಿಪಿಟಕ್ಕೆನ್ನದೆ. ವಸ್ತುಪ್ರದರ್ಶನದ ಮೈದಾನದಲ್ಲಿ ಮಕ್ಕಳನ್ನು ಹೊತ್ತು ಒಂದು ಸುತ್ತು ಬರುವ ಒಂಟೆಯ ದನಿ ಧ್ವನಿವರ್ಧಕದ ಕೆಳಗೆ ಮುಚ್ಚಿಹೋಗಿರುತ್ತದೆ. ಗಣರಾಜ್ಯೋತ್ಸವದ ಪಥಸಂಚಲನದಲ್ಲಿ ಗಡಿ ಭದ್ರತಾ ಪಡೆಯ ಒಂಟೆಗಳು ಟಿವಿಯಲ್ಲಿ ಕಾಣುತ್ತವೆ, ಅವುಗಳ ಬೆನ್ನ ಮೇಲೊಂದು ಇಡೀ ವಾದ್ಯವೃಂದವೇ ಊದುತ್ತಿರುತ್ತದೆ. ಪಾಪ, ಇನ್ನು ಬಾಯಿ ಬಿಡುವುದು ಎಲ್ಲಿಂದ ಬಂತು. ಒಂಟೆಗಳ ಮದುವೆಯಲ್ಲಿ ಕತ್ತೆಗಳು ಹಾಡಿದವು ಎನ್ನುವ ಸುಭಾಷಿತವನ್ನು ನಾವೆಲ್ಲ ಶಾಲೆಯಲ್ಲಿ ಉರುಹೊಡೆದವರೇ. "ಅಹೋ ರೂಪಂ ಅಹೋ ಧ್ವನಿಃ". ಅಲ್ಲಿಯೂ ಹೊಗಳಿಕೆ ಸಿಕ್ಕಿದ್ದು ಒಂಟೆಯ ರೂಪಕ್ಕೆ, ಕತ್ತೆಯ ದನಿಗೆ. ಮದುವೆ ಮನೆಯವರ ದನಿ ಹೇಗಿತ್ತು ಎಂದು ಆ ಶ್ಲೋಕ ಕಟ್ಟಿದವನಿಗೂ ಕೇಳಬೇಕೆನಿಸಲಿಲ್ಲ.

ಝೈ, ಝೈ

ನಮ್ಮ ಕೆಲಸದ ಜಾಗಕ್ಕೆ ನೀರು ಬರುತ್ತಿದ್ದದ್ದು ಒಂಟೆಗಾಡಿಯಲ್ಲಿ. ಟ್ಯಾಂಕರ್ ಲಾರಿ ಡಾಂಬರು ರಸ್ತೆಯ ತನಕ ಬಂದು ನಿಲ್ಲುತ್ತಿತ್ತು, ಅಲ್ಲಿಂದಾಚೆ ಮರಳು. ವಿಮಾನದ ಹಳೆಯ ಟೈರು ಹಾಕಿದ ಎರಡು ಗಾಲಿಯ ಗಾಡಿ, ಅದರ ಮೇಲೆ ಕಬ್ಬಿಣದ ತೊಟ್ಟಿ. ಗಾಡಿಯ ಮುದುಕರನ್ನು ಎಲ್ಲರೂ ಕಾಕೋಸಾ ಎನ್ನುತ್ತಿದ್ದರು, ಎಂದರೆ ಚಿಕ್ಕಪ್ಪನವರು. ನಾನೂ ಹಾಗೆಯೇ ಕರೆಯುತ್ತಿದ್ದೆ. ಅವರಿಗೆ ನಾನು "ಮದ್ರಾಸಿ ಸಾಬ್". ಕರ್ನಾಟಕ ಬೇರೆ, ಮದ್ರಾಸು ಬೇರೆ ಎಂದು ಮೊದಲ ತಿಂಗಳು ತಿದ್ದಿದೆ. ಎರಡನೇ ತಿಂಗಳಿಂದ ಬಿಟ್ಟೆ.

ನನ್ನ ಶೆಡ್ಡಿನ ಹಿಂದೆ ಒಂದು ಖೇಜಡಿ ಮರವಿತ್ತು. ದಸರೆಯಲ್ಲಿ ನಾವು ಎಲೆ ಹಂಚಿ ಬಂಗಾರ ಎನ್ನುವ ಬನ್ನಿಯೇ ಅದು. ಅಲ್ಲಿ ಒಂಟೆಗೆ ಮೇವು, ಕಾಯಿ ಮನುಷ್ಯರಿಗೆ ಪಲ್ಯ. ಆ ಮರದ ಕೆಳಗೆ ರಾತ್ರಿ ಒಂಟೆ ತಂಗುತ್ತಿತ್ತು. ಬೆಳಗಿನ ಜಾವ, ಮೈ ಸೆಟೆಯುವ ಚಳಿಯಲ್ಲಿ, ಕಾಕೋಸಾ ಪಲಾಣ ಕಟ್ಟಲು ಬರುತ್ತಿದ್ದರು. ಪಲಾಣವೆಂದರೆ ಒಂಟೆಯ ಜೀನು, ಮರದ ಚೌಕಟ್ಟಿನದು. ಅವರ ಹೆಜ್ಜೆ ಸಪ್ಪಳ ಕೇಳಿದ ಕೂಡಲೇ, ಇನ್ನೂ ಪಲಾಣ ಮೈಗೆ ತಾಗುವ ಮೊದಲೇ, ಒಂಟೆ ಶುರು ಮಾಡುತ್ತಿತ್ತು.

ಆ ಸದ್ದನ್ನು ಹೇಗೆ ಹೇಳುವುದು? ಹೊಟ್ಟೆಯಲ್ಲೆಲ್ಲೋ ಹುಟ್ಟಿ ಅಷ್ಟುದ್ದದ ಕತ್ತಿನಲ್ಲಿ ಉರುಳಿಕೊಂಡು ಬರುತ್ತದೆ. ಖಾಲಿ ಕೊಡವನ್ನು ಬಾವಿಯಲ್ಲಿ ಮುಳುಗಿಸಿದಾಗಿನ ಗುಳುಗುಳು ಅದರಲ್ಲಿದೆ, ಎಣ್ಣೆ ಕಾಣದ ಹಳೆಯ ಬಾಗಿಲಿನ ಕಿರುಗುಟ್ಟುವಿಕೆ ಇದೆ, ಸಂತೃಪ್ತಿಯಿಲ್ಲದ ಒಂದು ತೇಗೂ ಇದೆ. ಬಾಯಿ ಅಗಲವಾಗಿ ತೆರೆದು, ಹಳದಿ ಹಲ್ಲು ತೋರಿಸಿ, ಕತ್ತನ್ನು ಹಿಂದಕ್ಕೆ ಹೊರಳಿಸಿ, ಹಗ್ಗ ಬಿಗಿಯುವವನ ಮುಖಕ್ಕೇ ಅದನ್ನೆಲ್ಲ ಸುರಿಯುತ್ತದೆ. ಏಳುವಾಗ ಮೊದಲು ಹಿಂಗಾಲು ಎತ್ತುತ್ತದೆ, ಒಂದು ಗೊಣಗು. ಮುಂಗಾಲನ್ನು ಮಂಡಿಯ ತನಕ ತರುತ್ತದೆ, ಇನ್ನೊಂದು. ಪೂರ್ತಿ ನಿಲ್ಲುತ್ತದೆ, ಮತ್ತೊಂದು ಉದ್ದನೆಯದು. ಸಂಜೆ "ಝೈ, ಝೈ" ಎಂದು ಕಾಕೋಸಾ ಮೂಗಿನ ಹಗ್ಗವನ್ನು ಮೆಲ್ಲಗೆ ಕೆಳಕ್ಕೆ ಎಳೆದರೆ ಕೂರಬೇಕು. ಆಗ ಮಂಡಿ ಮೊದಲು, ಹಿಂಭಾಗ ಆಮೇಲೆ, ಕೊನೆಗೆ ಎದೆಯ ಕೆಳಗಿನ ಗಟ್ಟಿ ದಿಂಡನ್ನು ನೆಲಕ್ಕೆ ಊರುವುದು. ಮಡಿಕೆ ಮಡಿಕೆಗೂ ಆಕ್ಷೇಪಣೆ. ಕೆಲಸಕ್ಕೆ ಎಬ್ಬಿಸಿದರೂ ತಕರಾರು, ಕೆಲಸ ಮುಗಿಸಿ ಕೂರಿಸಿದರೂ ತಕರಾರು.

ನಡುವೆ, ನಡೆಯುವಾಗ ಮಾತ್ರ ಮೌನ. ಗೊರಸಿನ ಟಪಟಪವಿಲ್ಲ, ಪಾದದ ಕೆಳಗೆ ಮೆತ್ತನೆಯ ಅಗಲ ಗಾದಿ. ಹಿಂದಿನಿಂದ ಬಂದ ಒಂಟೆಯ ಬಿಸಿಯುಸಿರು ಹೆಗಲಿಗೆ ತಾಗಿದಾಗಲೇ ಅದು ಬಂದದ್ದು ತಿಳಿಯುವುದು. ನನಗೆ ಎರಡು ಸಲ ಹಾಗಾಯಿತು. ಅದಕ್ಕೇ ಕಾಲಿಗೆ ಗೆಜ್ಜೆ, ಕತ್ತಿಗೆ ಕವಡೆ ಮಣಿಗಳ ಗೋರಬಂದ್ ಕಟ್ಟುತ್ತಾರೇನೋ ಎಂದು ಆಗ ಅನ್ನಿಸಿತ್ತು. ಅಲಂಕಾರವೆಂದು ಅವರು ಹೇಳುತ್ತಾರೆ. ನನಗೆ ಅದು ಸೈಕಲ್ ಬೆಲ್ಲು.

ಬಾಯಿಂದ ಇಳಿದ ಬಲೂನು

ಡಿಸೆಂಬರಿನಲ್ಲಿ ಪಕ್ಕದ ಊರಿನವರು ಒಂದು ಗಂಡು ಒಂಟೆ ತಂದು ಕಟ್ಟಿದರು. ಅದನ್ನು ನೋಡಲು ಹೋದ ಮೊದಲ ದಿನ ನಾನು ಹೆದರಿ ಓಡಿಬಂದೆ. ಅದರ ಬಾಯಿಯ ಒಂದು ಕೊನೆಯಿಂದ ಕೆಂಪು ಬಣ್ಣದ ಏನೋ ಜೋತುಬಿದ್ದಿತ್ತು, ಗಾಳಿ ತುಂಬಿ ಉಬ್ಬಿತ್ತು, ನೊರೆ ಸುರಿಯುತ್ತಿತ್ತು. ಕರುಳೇ ಹೊರಬಂದಿದೆ ಎಂದುಕೊಂಡೆ. ಕಾಕೋಸಾ ಬಿದ್ದು ಬಿದ್ದು ನಕ್ಕರು. "ಅದಕ್ಕೆ ಮದುವೆಯಾಗಬೇಕಂತೆ ಸಾಬ್" ಎಂದರು.

ಅದು ಅಂಗುಳಿನ ಹಿಂದಿನ ಮೃದುವಾದ ಭಾಗ. ಒಂಟಿ ಡುಬ್ಬದ ಗಂಡೊಂಟೆ ಬೆದೆಯ ಕಾಲದಲ್ಲಿ ಉಸಿರನ್ನು ಒತ್ತಿ ಅದನ್ನು ಬಲೂನಿನಂತೆ ಉಬ್ಬಿಸಿ ಬಾಯಿಯ ಪಕ್ಕಕ್ಕೆ ಇಳಿಬಿಡುತ್ತದೆ. ಅರಬ್ಬಿಯಲ್ಲಿ ಅದಕ್ಕೆ ದುಲ್ಲಾ ಎಂಬ ಹೆಸರಿದೆ. ಗಾಳಿ ಅದರ ಸುತ್ತ ಜೊಲ್ಲಿನ ನಡುವೆ ನುಗ್ಗುವಾಗ ಬರುವ ಸದ್ದು ಹುಕ್ಕಾ ಎಳೆದಂತೆ, ಇಡ್ಲಿ ಪಾತ್ರೆಯ ನೀರು ಕೊತಕೊತ ಕುದ್ದಂತೆ. ಅದರ ಜೊತೆಗೆ ಹಲ್ಲು ಮಸೆಯುವುದು ಬೇರೆ. ತಲೆಯ ಹಿಂಭಾಗದ ಗ್ರಂಥಿಯಿಂದ ಕಪ್ಪಗಿನ, ನಾತದ ಸ್ರಾವ ಇಳಿಯುತ್ತದೆ, ಬಾಲ ತನ್ನ ಮೂತ್ರವನ್ನೇ ಬೆನ್ನಿಗೆ ಚಿಮುಕಿಸುತ್ತದೆ, ಮೇವು ಮೂಸುವುದಿಲ್ಲ. ನಮ್ಮ ದೇಶದಲ್ಲಿ ಇದೆಲ್ಲ ನಡೆಯುವುದು ಚಳಿಗಾಲದಲ್ಲಿ. ಬೇಸಿಗೆ ಬಂದರೆ ಅದೇ ಪ್ರಾಣಿ ಏನೂ ಆಗಿಲ್ಲವೆಂಬಂತೆ ಮೆಲುಕು ಹಾಕುತ್ತಾ ನಿಂತಿರುತ್ತದೆ. ಎರಡು ಡುಬ್ಬದ ಮಧ್ಯ ಏಷ್ಯಾದ ಒಂಟೆಗೆ ಈ ಬಲೂನಿನ ಸೌಲಭ್ಯವಿಲ್ಲ. ಬಿಕಾನೇರಿನ ಹೊರವಲಯದ ಜೋರ್‌ಬೀರ್‌ನಲ್ಲಿ 1984ರಿಂದ ಒಂಟೆಗೆಂದೇ ಒಂದು ರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ. ಚಳಿಗಾಲದಲ್ಲಿ ಅಲ್ಲಿಗೆ ಒಂಟೆ ಹಾಲಿನ ಐಸ್ ಕ್ರೀಮ್ ತಿನ್ನಲು ಹೋಗುವವರು, ತಿಂದ ಮೇಲೆ ಗಂಡೊಂಟೆಗಳ ಕಡೆ ಹೋಗುವುದು ಒಳ್ಳೆಯದು, ಮೊದಲು ಬೇಡ.

ಬೈಗುಳ ಮತ್ತು ಕರೆ

ಹಿಂದಿಯಲ್ಲಿ ಒಂಟೆಗೆ "ಬಲಬಲಾನಾ" ಎಂಬ ಕ್ರಿಯಾಪದವಿದೆ. ಆ ಕಡೆಯ ಮಾತಿನಲ್ಲಿ "ಅರಡಾಣೋ". ಒಂಟೆ ಅರಚುತ್ತಲೇ ಹೇರಿಸಿಕೊಳ್ಳುತ್ತದೆ ಎಂಬ ಗಾದೆಯೂ ಇದೆ. ಅದು ಹೇಗೂ ಅರಚುತ್ತದೆ, ನೀನು ಹೇರುವುದನ್ನು ಹೇರು ಎಂಬ ಧ್ವನಿ ಅದಕ್ಕೆ. ನಮ್ಮ ಗುತ್ತಿಗೆದಾರರೊಬ್ಬರಿಗೆ ಈ ಗಾದೆ ಬಹಳ ಪ್ರಿಯವಾಗಿತ್ತು. ಕಾರ್ಮಿಕರು ಕಂಬಳಿ ಸಾಲದು, ನೀರು ಸಾಲದು ಎಂದಾಗಲೆಲ್ಲ ಅದನ್ನು ಹೇಳಿ ನನ್ನ ಕಡೆ ನೋಡಿ ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಗಾದೆಯನ್ನು ಕಟ್ಟಿದವನು ಹೇರುವವನು, ಹೊರುವವನಲ್ಲ ಎಂಬುದು ಹೊಳೆಯಲು ನನಗೆ ಒಂದು ಚಳಿಗಾಲ ಹಿಡಿಯಿತು.

ಜನವರಿಯ ಒಂದು ಬೆಳಿಗ್ಗೆ. ಮಂಜು ಮುಸುಕಿತ್ತು, ನಾನು ಶೆಡ್ಡಿನ ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದೆ. ಕಾಕೋಸಾ ಎಂದಿನಂತೆ ಪಲಾಣ ಹೊರಿಸಿದರು, ಒಂಟೆ ಎಂದಿನಂತೆ ಅರಚಿತು. ಅವರು ಹಗ್ಗ ಬಿಗಿದರು, ಅದು ಇನ್ನೊಮ್ಮೆ ಅರಚಿತು. ನನ್ನ ಕಿವಿಗೆ ಎಲ್ಲವೂ ನಿನ್ನೆಯಂತೆಯೇ. ಅವರ ಕೈ ಮಾತ್ರ ಅಲ್ಲೇ ನಿಂತಿತು. ಹಗ್ಗ ಸಡಿಲಿಸಿದರು. ಪಲಾಣ ಇಳಿಸಿದರು, ಅದರ ಕೆಳಗಿನ ಗಾದಿ ತೆಗೆದು ಮಗುಚಿ ಅಂಗೈಯಿಂದ ಉದ್ದಕ್ಕೂ ಸವರಿದರು. ಒಂದು ಕಡೆ ಕೈ ತಡೆಯಿತು. ಬಟ್ಟೆಯ ನೂಲಿನಲ್ಲಿ ಸಿಕ್ಕಿಕೊಂಡಿದ್ದ ಉಗುರಿನಷ್ಟು ಉದ್ದದ ಮುಳ್ಳನ್ನು ಹಲ್ಲಿನಿಂದ ಕಚ್ಚಿ ಎಳೆದು, ಉಗುಳಿ, ಗಾದಿಯನ್ನು ಮತ್ತೆ ಹಾಕಿದರು. ಒಂಟೆ ಮತ್ತೆ ಅರಚಿತು. ಈ ಸಲ ಅವರು ಹಗ್ಗ ಬಿಗಿದು ಗಂಟು ಹಾಕಿದರು.

"ಅದು ಯಾವಾಗಲೂ ಅರಚುತ್ತದಲ್ಲ, ನಿಮಗೆ ಹೇಗೆ ಗೊತ್ತಾಯಿತು?" ಎಂದೆ.

ಅವರಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿರಬೇಕು. ಬೀಡಿ ಹಚ್ಚಿಕೊಂಡು ಸ್ವಲ್ಪ ಹೊತ್ತಾದ ಮೇಲೆ ಹೇಳಿದರು. "ದಿನಾ ಅದು ನನಗೆ ಬೈಯುತ್ತದೆ ಸಾಬ್. ಇವತ್ತು ನನ್ನನ್ನು ಕರೆಯಿತು."

ಆಮೇಲೆ ಎಷ್ಟೋ ಬೆಳಿಗ್ಗೆ ನಾನು ಕಿವಿ ಕೊಟ್ಟು ಕೇಳಿದೆ. ಬೈಗುಳದ ಬಾಲ ಉದ್ದ, ಅವಸರವಿಲ್ಲ, ನಡುನಡುವೆ ಉಸಿರು ತೆಗೆದುಕೊಂಡು ಮುಂದುವರಿಸುತ್ತದೆ. ಆ ಇನ್ನೊಂದು ಗಿಡ್ಡ, ಎತ್ತರದಲ್ಲೇ ಕಡಿದು ಬೀಳುವಂಥದ್ದು. ಇಷ್ಟು ನನಗೆ ತಿಳಿಯಿತು ಎಂದುಕೊಂಡಿದ್ದೇನೆ. ಪರೀಕ್ಷೆ ಕೊಟ್ಟರೆ ಪಾಸಾಗಲಾರೆ.

ಪಾಸಾಗಲಿಲ್ಲ ಕೂಡ, ಅದನ್ನು ಹೇಳಲೇಬೇಕು. ಆಗ ಅಮ್ಮ ಮಧುಗಿರಿಯಲ್ಲಿ ಒಬ್ಬರೇ ಇದ್ದರು. ಪ್ರತಿ ರಾತ್ರಿ ಎಂಟೂವರೆಗೆ ಫೋನು. ಅಮ್ಮನ ದೂರುಗಳಿಗೊಂದು ಕ್ರಮವಿತ್ತು. ಮೊದಲು ಮಂಡಿ ನೋವು, ಆಮೇಲೆ ನಲ್ಲಿ ನೀರು, ಆಮೇಲೆ ಹಾಲಿನವನು, ಕೊನೆಗೆ ನಾನು ಫೋನ್ ಮಾಡುವುದಿಲ್ಲ ಎಂಬುದು, ಅದೂ ನಾನು ಮಾಡಿದ ಫೋನಿನಲ್ಲೇ. ನಾನು ಕಂಪ್ಯೂಟರಿನ ಮುಂದೆ ಕುಳಿತು ದಿನದ ವರದಿ ತುಂಬುತ್ತಾ "ಹೂಂ, ಹೂಂ" ಎನ್ನುತ್ತಿದ್ದೆ. ಮುಳ್ಳಿನ ಘಟನೆ ನಡೆದು ತಿಂಗಳೂ ಆಗಿರಲಿಲ್ಲ, ಒಂದು ರಾತ್ರಿ ಮಂಡಿಗೂ ನಲ್ಲಿಗೂ ನಡುವೆ "ಎಡಗೈ ಯಾಕೋ ಜೋಮು ಹಿಡಿದ ಹಾಗಿದೆ, ಲೋಟ ಜಾರಿತು" ಎಂಬ ಮಾತು ಬಂತು. ನಾನು ಹೂಂ ಎಂದೆ. ಹಾಲಿನವನ ವಿಷಯ ಅವತ್ತು ಬರಲೇ ಇಲ್ಲ. ಬೇಗ ಮುಗಿಯಿತಲ್ಲ ಎಂದು ಸಮಾಧಾನಪಟ್ಟುಕೊಂಡೆ. ಅಕ್ಕನಿಗೆ ಅದೇ ರಾತ್ರಿ ಅಮ್ಮ ಅದೇ ಮಾತು ಹೇಳಿದ್ದಾರೆ. ಅಕ್ಕ ತುಮಕೂರಿನಿಂದ ಕಾರು ಮಾಡಿಸಿಕೊಂಡು ಹನ್ನೊಂದು ಗಂಟೆಗೆ ಮಧುಗಿರಿಯಲ್ಲಿದ್ದಳು. ಆಸ್ಪತ್ರೆಯಲ್ಲಿ, ಸಮಯಕ್ಕೆ ಕರೆತಂದಿರಿ ಎಂದರಂತೆ. ಅಮ್ಮ ಈಗ ನಮ್ಮ ಜೊತೆಯೇ ಇದ್ದಾರೆ. ಎಡಗೈ ಬೆರಳು ಸ್ವಲ್ಪ ನಿಧಾನ, ಅಷ್ಟೇ. ಅಕ್ಕ ಈ ತನಕ ನನ್ನನ್ನು ಒಂದು ಮಾತೂ ಕೇಳಿಲ್ಲ. ಕೇಳಿಬಿಟ್ಟಿದ್ದರೆ ಚೆನ್ನಾಗಿತ್ತು.

ಹನೀನ್

ಪುತ್ತೂರಿನ ಗೆಳೆಯನೊಬ್ಬ ಮಸ್ಕತ್ತಿನಲ್ಲಿದ್ದಾನೆ. ಒಂಟೆಯ ಸದ್ದಿಗೆ ಕನ್ನಡದಲ್ಲಿ ಪದವಿಲ್ಲ ಎಂದು ಅವನಿಗೆ ಸಂದೇಶ ಕಳಿಸಿದೆ. ನಿನಗೆ ಎಷ್ಟು ಬೇಕು ಎಂದು ಕೇಳಿದ. ಅರಬ್ಬಿಯಲ್ಲಿ ಹೊರೆ ಹೇರುವಾಗಿನ ಗೊಣಗಾಟಕ್ಕೆ "ರುಗಾ". ಬೆದೆಯ ಗಂಡಿನ ಮೊರೆತಕ್ಕೆ "ಹದೀರ್". ಸಮುದ್ರದ ಮೊರೆತಕ್ಕೂ ಅದೇ ಮಾತು. ಮರಿಯನ್ನು ಹಂಬಲಿಸಿ ಹೆಣ್ಣೊಂಟೆ ಎಳೆಯುವ ರಾಗಕ್ಕೆ "ಹನೀನ್". ಈ ಕೊನೆಯ ಪದ ಒಂಟೆಯನ್ನು ಬಿಟ್ಟು ಮನುಷ್ಯರ ಬಾಯಿಗೂ ಬಂದು, ಇಂದು ಯಾವುದೇ ಹಂಬಲಕ್ಕೆ, ಊರಿನ ನೆನಪಿಗೆ, ಅಗಲಿದವರ ನೆನಪಿಗೆ ಅರಬರು ಬಳಸುವ ಮಾತಾಗಿದೆ. ಪ್ರವಾದಿಯವರು ಖರ್ಜೂರದ ಒಂದು ಬೊಡ್ಡೆಯ ಬಳಿ ನಿಂತು ಪ್ರವಚನ ಮಾಡುತ್ತಿದ್ದರು, ಅವರಿಗಾಗಿ ಹೊಸ ಪೀಠ ಬಂದ ದಿನ ಆ ಬೊಡ್ಡೆ ಗಬ್ಬದ ಒಂಟೆಯ ಹಾಗೆ ಅತ್ತಿತು ಎಂಬ ಹದೀಸನ್ನು ಅವನು ಚಿಕ್ಕಂದಿನಲ್ಲಿ ಮದ್ರಸದಲ್ಲಿ ಕೇಳಿದ್ದನಂತೆ. "ಮರ ಅತ್ತಿತು ಎನ್ನುವುದನ್ನು ಆಗಲೇ ನಂಬಿದೆ. ಒಂಟೆ ಹೇಗೆ ಅಳುತ್ತದೆ ಎಂದು ಗೊತ್ತಾಗಿದ್ದು ಇಲ್ಲಿಗೆ ಬಂದ ಮೇಲೆ" ಎಂದು ಬರೆದ.

ಹನೀನ್ ಅನ್ನು ನಾನು ಬಿಕಾನೇರಿನಲ್ಲಿ ಕೇಳಿದ್ದೇನೆ, ಹೆಸರು ಗೊತ್ತಿಲ್ಲದೆ. ಬಾಯಿ ಮುಚ್ಚಿಕೊಂಡೇ ತಾಯಿ ಒಂಟೆ ಮರಿಯ ಕಡೆಗೆ ಹೊರಡಿಸುವ ತಗ್ಗು ಗುನುಗು, ಮರಿ ಉತ್ತರಿಸುವುದು ಕುರಿಮರಿಯಂತೆ ತೆಳ್ಳಗೆ. ಹದಿಮೂರು ತಿಂಗಳು ಹೊತ್ತು ಹೆತ್ತ ಮರಿ ಅದು. ಮಂಗೋಲಿಯಾದ ಗೋಬಿಯಲ್ಲಿ ಕೆಲವೊಮ್ಮೆ ತಾಯಿ ಮರಿಯನ್ನು ಒಲ್ಲೆ ಎಂದು ದೂರ ತಳ್ಳುತ್ತದಂತೆ, ಅಥವಾ ತಬ್ಬಲಿ ಮರಿಯೊಂದನ್ನು ಬೇರೆ ತಾಯಿಗೆ ಹಚ್ಚಬೇಕಾಗುತ್ತದೆ. ಆಗ ಎರಡನ್ನೂ ಹತ್ತಿರ ಕಟ್ಟಿ, ಕುದುರೆ ತಲೆಯ ತಂತಿವಾದ್ಯವನ್ನೋ ಕೊಳಲನ್ನೋ ನುಡಿಸುತ್ತಾ "ಖೂಸ್, ಖೂಸ್" ಎಂದು ಹಾಡುತ್ತಾ ಕೂರುತ್ತಾರೆ, ತಾಯಿ ಕರಗುವ ತನಕ. 2015ರಲ್ಲಿ ಯುನೆಸ್ಕೋ ಇದನ್ನು ತುರ್ತಾಗಿ ಕಾಪಾಡಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಒಂಟೆಗಳನ್ನು ಕರೆಯುವ ಅರಬರ ಹಾಡುಗಾರಿಕೆ 2022ರಲ್ಲಿ ಇನ್ನೊಂದು ಪಟ್ಟಿಗೆ ಸೇರಿತು. ನಮ್ಮಲ್ಲಿ ಕರು ಸತ್ತ ಹಸುವಿನ ಮುಂದೆ ಹುಲ್ಲು ತುಂಬಿದ ಕರುವಿನ ಚರ್ಮ ನಿಲ್ಲಿಸಿ ಹಾಲು ಕರೆಯುತ್ತಿದ್ದರು ಎಂದು ಅಮ್ಮ ಹೇಳುತ್ತಾರೆ. ನಾವು ಹಸುವಿನ ಕಣ್ಣಿಗೆ ಮೋಸ ಮಾಡಿದೆವು. ಅವರು ಒಂಟೆಯ ಕಿವಿಯನ್ನು ನಂಬಿದರು. ಎರಡನೆಯದು ಮೇಲು ಎನ್ನಿಸುತ್ತದೆ, ಕರೆದ ಹಾಲು ಕುಡಿದು ಬೆಳೆದವರ ಮಗನಾಗಿ ಹೀಗೆ ಹೇಳುವುದು ಸುಲಭವಾದರೂ.

ಖಾಲಿ ಗೆರೆ

ರಾಜಸ್ಥಾನ 2014ರಲ್ಲಿ ಒಂಟೆಯನ್ನು ರಾಜ್ಯಪ್ರಾಣಿ ಎಂದು ಘೋಷಿಸಿತು, ಮರುವರ್ಷ ಅದರ ವಧೆಯನ್ನು ನಿಷೇಧಿಸಿ, ಹೊರರಾಜ್ಯಕ್ಕೆ ಸಾಗಿಸುವುದನ್ನು ಬಿಗಿಗೊಳಿಸಿ ಕಾಯ್ದೆ ತಂದಿತು. ಕೊಳ್ಳುವವರು ಬರುವುದು ನಿಂತರೆ ಸಾಕುವುದು ಯಾರಿಗಾಗಿ ಎಂದು ಸಾಕಣೆಯ ರೈಕಾಗಳು ಕೇಳುತ್ತಲೇ ಇದ್ದಾರೆ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ನಾಲ್ಕು ಲಕ್ಷ ಒಂಟೆಗಳಿದ್ದವು, 2019ರಲ್ಲಿ ಎರಡೂವರೆ ಲಕ್ಷ. ಕಾಯ್ದೆಯೊಂದೇ ಕಾರಣವಲ್ಲ. ಟ್ರ್ಯಾಕ್ಟರ್ ಬಂತು, ರಸ್ತೆ ಬಂತು, ಮೇಯುವ ಬಯಲಿಗೆ ಬೇಲಿ ಬಂತು. ಆ ಬೇಲಿಗಳಲ್ಲಿ ಒಂದರೊಳಗೆ ನಾನೂ ಸಂಬಳ ಎಣಿಸುತ್ತಿದ್ದೆ. ಎರಡನೇ ಚಳಿಗಾಲ ಮುಗಿಯುವ ಹೊತ್ತಿಗೆ ನಮ್ಮ ಜಾಗದ ತನಕ ಡಾಂಬರು ಬಂತು, ಟ್ಯಾಂಕರ್ ಲಾರಿ ನೇರ ಶೆಡ್ಡಿನ ಮುಂದೆ ನಿಲ್ಲತೊಡಗಿತು. ಕಾಕೋಸಾ ಕೊನೆಯ ಸಲ ಬಂದ ಬೆಳಿಗ್ಗೆ ನಾನು ಮೊಬೈಲಿನಲ್ಲಿ ಒಂಟೆಯ ಅರಚಾಟವನ್ನು ಹಿಡಿದಿಟ್ಟುಕೊಂಡೆ. ಎರಡು ನಿಮಿಷ ಹತ್ತು ಸೆಕೆಂಡು. ನಡುವೆ ಅವರ ಕೆಮ್ಮು ಇದೆ, ಒಂದು "ಝೈ" ಇದೆ.

ಇಷ್ಟೆಲ್ಲ ಇಟ್ಟುಕೊಂಡೂ ಹಾಳೆಯ ಗೆರೆ ತುಂಬಲಿಲ್ಲ. "ಗೊಣಗುತ್ತದೆ" ಎಂದರೆ ಮುಳ್ಳು ಬಿಟ್ಟುಹೋಗುತ್ತದೆ. "ಅರಚುತ್ತದೆ" ಎಂದರೆ ಗುತ್ತಿಗೆದಾರರ ಗಾದೆಗೆ ಸಹಿ ಹಾಕಿದಂತೆ. "ಗುಳುಗುಳಿಸುತ್ತದೆ" ಎಂದೊಂದು ನಾನೇ ಹೊಸೆದು ನೋಡಿದೆ. ಮಗಳು ಅದು ಬಾಯಿ ಮುಕ್ಕಳಿಸುವುದಲ್ಲವೇ ಎಂದಳು. ಕೊನೆಗೆ ನೀನೇ ಕೇಳಿ ಬರೆ ಎಂದು ಮೊಬೈಲ್ ತೆಗೆದು ಆ ಎರಡು ನಿಮಿಷ ಹತ್ತು ಸೆಕೆಂಡನ್ನು ಹಾಕಿದೆ. ಅವಳು ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, ಪೆನ್ಸಿಲನ್ನು ಕಚ್ಚಿ, ಕಣ್ಣು ಮುಚ್ಚಿ ಕೇಳತೊಡಗಿದಳು.

ಅಮ್ಮ ಅಡುಗೆಮನೆಯ ಬಾಗಿಲ ಬಳಿ ಕುಳಿತು ಅವರೆಕಾಳು ಹಿತುಕುತ್ತಿದ್ದರು. ಎಡಗೈಗೆ ಒಳ್ಳೆಯದು ಎಂದು ಆ ಕೆಲಸವನ್ನು ಯಾರಿಗೂ ಬಿಡುವುದಿಲ್ಲ. ಬೋಗುಣಿಯಲ್ಲಿ ಕಾಳು ಬೀಳುವ ಸದ್ದು ನಿಂತಿತು.

"ಯಾರೋ ಅದು, ಹಾಗೆ ನರಳುತ್ತಿರುವುದು?" ಎಂದರು. "ಕೂತೇ ಇದ್ದೀಯಲ್ಲ, ಹೋಗಿ ನೋಡಬಾರದೇನೋ?"